ಬೇಲಿ ಮತ್ತು ಹೊಲ

ಅಮ್ಮನ ಹೊಟ್ಟೆನೋವಿಗೆ ನಮ್ಮ ಮನೆಯಲ್ಲಿ ಇದ್ದ ಹೆಸರು ‘ಗ್ಯಾಸ್ಟ್ರಿಕ್’. ವರ್ಷಗಟ್ಟಲೆ ಜೀರಿಗೆ ಕಷಾಯ, ಮಜ್ಜಿಗೆ, ಮೆಡಿಕಲ್ ಶಾಪಿನ ಸಿರಪ್ಪಿನಲ್ಲೇ ದಿನ ದೂಡಿದಳು. ಊಟ ಸೇರದೆ ತೂಕ ಇಳಿದಾಗ ಎಂಡೋಸ್ಕೋಪಿ ಮಾಡಿಸಿದೆವು. ವಾರದ ನಂತರ ಬಯಾಪ್ಸಿ ವರದಿ ಬಂತು: ಜಠರದ ಮಾಲ್ಟ್ ಲಿಂಫೋಮಾ. ರೋಗದೊಡನೆ ಹೋರಾಡಬೇಕಾದ ಬಿ ಜೀವಕೋಶಗಳದ್ದೇ ಕ್ಯಾನ್ಸರ್.

ನಾನು ಕೀಮೋಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಡಾಕ್ಟರು ಬರೆದದ್ದು 14 ದಿನಗಳ ಆಂಟಿಬಯಾಟಿಕ್.

“ಕ್ಯಾನ್ಸರಿಗೆ ಇಷ್ಟೇನಾ?” ಅಂದಳು ಅಮ್ಮ. ನನಗೂ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚಾಯಿತು. ಆ ರಾತ್ರಿ ಓದಲು ಕೂತೆ.

ಆರೋಗ್ಯವಾಗಿರುವ ಜಠರದಲ್ಲಿ ಬಿ ಕೋಶಗಳ ನೆಲೆಯೇ ಇರುವುದಿಲ್ಲವಂತೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡ ಮೇಲೆ ಅವು ಬಂದು ಬೀಡುಬಿಡುತ್ತವೆ. ಬಿ ಕೋಶದ ಮೈಮೇಲಿನ ಗ್ರಾಹಕಕ್ಕೆ ವೈರಿಯ ಗುರುತು ತಾಕಿದೊಡನೆ ಒಳಗೆ ಒಂದು ಸಂದೇಶ ಹೊರಡುತ್ತದೆ. ಪಕ್ಕದ ಟಿ ಕೋಶಗಳೂ ಹುರಿದುಂಬಿಸುತ್ತವೆ. ಪ್ರೋಟೀನಿನಿಂದ ಪ್ರೋಟೀನಿಗೆ ದಾಟಿದ ಸುದ್ದಿ ಕೊನೆಗೆ ಎನ್‌ಎಫ್-ಕಪ್ಪಾ-ಬಿ ಎಂಬುದನ್ನು ಎಬ್ಬಿಸುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ, ಬದುಕುಳಿಯುವ ಮತ್ತು ಒಡೆದು ಎರಡಾಗುವ ಜೀನುಗಳನ್ನು ಚಾಲೂ ಮಾಡುತ್ತದೆ. ಸೋಂಕು ಮುಗಿದರೆ ಕರೆ ನಿಲ್ಲುತ್ತದೆ. ಹೆಚ್ಚಿನ ಕೋಶಗಳು ಸದ್ದಿಲ್ಲದೆ ಸಾಯುತ್ತವೆ.

ಆದರೆ ಈ ಬ್ಯಾಕ್ಟೀರಿಯಾ ದಶಕಗಟ್ಟಲೆ ಹೋಗುವುದೇ ಇಲ್ಲ. ಕರೆಯೂ ನಿಲ್ಲುವುದಿಲ್ಲ. ಕೋಶ ಒಡೆದಷ್ಟೂ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳುವ ಅವಕಾಶ ಹೆಚ್ಚು. ಕೋಟ್ಯಂತರ ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಲಿಂಫೋಮಾ ಆಗುವುದು ತೀರಾ ಕೆಲವರಿಗೆ. ಆ ಕೆಲವರಲ್ಲೂ ಮೊದಮೊದಲು ಗಡ್ಡೆ ಹೊರಗಿನ ಕರೆಯನ್ನೇ ನಂಬಿಕೊಂಡಿರುತ್ತದೆ. ಇಂಥ ಆರು ರೋಗಿಗಳಿಗೆ ಆಂಟಿಬಯಾಟಿಕ್ ಕೊಟ್ಟ ವರದಿ 1993ರಲ್ಲಿ ಪ್ರಕಟವಾಯಿತು. ಐವರಲ್ಲಿ ಬ್ಯಾಕ್ಟೀರಿಯಾದ ಜೊತೆ ಲಿಂಫೋಮಾ ಕೂಡ ಹಿಂದೆ ಸರಿಯಿತು.

ಎಲ್ಲರಿಗೂ ಹಾಗಾಗುವುದಿಲ್ಲ. ಕೆಲವರ ಕೋಶಗಳಲ್ಲಿ 11 ಮತ್ತು 18ನೇ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡು ಒಂದು ಹೊಸ ಪ್ರೋಟೀನು ಹುಟ್ಟಿರುತ್ತದೆ. ಅದು ಯಾರೂ ಕರೆಯದಿದ್ದರೂ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತಲೇ ಇರುತ್ತದೆ. ಸ್ವಿಚ್ಚು ಆನ್ ಆಗಿಯೇ ಸಿಕ್ಕಿಕೊಂಡಂತೆ. ಆಗ ಬ್ಯಾಕ್ಟೀರಿಯಾ ಸತ್ತರೂ ಗಡ್ಡೆ ಸಾಮಾನ್ಯವಾಗಿ ಕರಗದು.

ಅಮ್ಮನ ಬಯಾಪ್ಸಿ ತುಣುಕನ್ನು ಆ ಪರೀಕ್ಷೆಗೂ ಕಳಿಸಿದ್ದರು. ಉತ್ತರಕ್ಕೆ ಕಾದ ದಿನಗಳಲ್ಲಿ ಅಪ್ಪ ಕ್ಯಾಲೆಂಡರಿನಲ್ಲಿ ಮಾತ್ರೆಯ ಲೆಕ್ಕ ಬರೆಯುತ್ತಿದ್ದರು, ನಾನು ಫೋನು ರಿಂಗಾದಾಗಲೆಲ್ಲ ಬೆಚ್ಚುತ್ತಿದ್ದೆ. ಅದಲುಬದಲು ಕಂಡಿಲ್ಲ ಎಂದು ವರದಿ ಬಂದ ಸಂಜೆ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. “ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ,” ಅಂದೆ.

ಅಮ್ಮ ಒಪ್ಪಲಿಲ್ಲ. “ಬೇಲಿ ಏನು ಮಾಡೀತೋ? ಕಾಯಿ ಕಾಯಿ ಅಂತ ಅಷ್ಟು ವರ್ಷ ಹೇಳಿದ್ದೇ ಆಯ್ತು. ಸಾಕು, ಮಲಕ್ಕೋ ಅಂತ ಯಾರೂ ಹೇಳಲಿಲ್ಲವಲ್ಲ.”

ಅವಳ ಮಾತೇ ವಿಜ್ಞಾನಕ್ಕೆ ಹತ್ತಿರ ಅನಿಸಿತು. ಕರೆಯೇ ಇಲ್ಲದಿದ್ದರೂ ಬದುಕಿಲ್ಲ. 1952ರಲ್ಲಿ ಅಮೆರಿಕದ ಡಾಕ್ಟರ್ ಆಗ್ಡೆನ್ ಬ್ರೂಟನ್, ಮತ್ತೆ ಮತ್ತೆ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್ನೇ ಇಲ್ಲವೆಂದು ಕಂಡುಕೊಂಡರು. ಇಂಥ ಮಕ್ಕಳಲ್ಲಿ ಕೆಟ್ಟಿರುವುದು ಬಿ ಕೋಶದ ಸಂದೇಶ ದಾಟಿಸುವ ಒಂದು ಕಿಣ್ವ ಎಂದು 1993ರಲ್ಲಿ ತಿಳಿಯಿತು. ಅದಕ್ಕೆ ಬ್ರೂಟನ್ ಹೆಸರೇ ಇದೆ. ಇಂದು ಬೇರೆ ಕೆಲವು ಲಿಂಫೋಮಾಗಳಲ್ಲಿ ಅದೇ ಕಿಣ್ವವನ್ನು ತಡೆಯುವ ಮಾತ್ರೆಗಳನ್ನು ಕೊಡುತ್ತಾರೆ. ಅಲ್ಲಿ ಇಲ್ಲದ್ದೇ ರೋಗ, ಇಲ್ಲಿ ಹೆಚ್ಚಾದದ್ದೇ ರೋಗ.

ಆರು ತಿಂಗಳಿಗೆ ಗಡ್ಡೆ ಕುಗ್ಗಿತ್ತು. ಒಂದೂವರೆ ವರ್ಷಕ್ಕೆ ಬಯಾಪ್ಸಿಯಲ್ಲಿ ಕಾಣಲಿಲ್ಲ. ತಪಾಸಣೆ ಮಾತ್ರ ಬಿಡುವಂತಿಲ್ಲ. ಪ್ರತಿ ಸಲ ಎಂಡೋಸ್ಕೋಪಿ ಕೋಣೆಗೆ ಹೋಗುವಾಗ ಅಮ್ಮ ಬಳೆ ಬಿಚ್ಚಿ ನನ್ನ ಕೈಗೆ ಕೊಡುತ್ತಾಳೆ. ಅವಳು ಹೊರಬರುವವರೆಗೂ ಅವನ್ನು ಹಿಡಿದುಕೊಂಡೇ ಕೂತಿರುತ್ತೇನೆ.