ಆಪರೇಷನ್‌ಗೆ ಮುಂಚಿನ ಒಂದು ಪ್ರಶ್ನೆ

ಮೈಸೂರಿನ ಆಸ್ಪತ್ರೆಯೊಂದರ ಅನಸ್ತೇಷಿಯಾ ತಪಾಸಣೆ ಕೋಣೆ. ಮುಂದಿನ ವಾರ ನಿಮ್ಮ ಪಿತ್ತಕೋಶದ ಆಪರೇಷನ್. ಫೈಲು ಮೇಜಿನ ಮೇಲಿಡುತ್ತೀರಿ.

"ಬಾಯಿ ದೊಡ್ಡದಾಗಿ ತೆಗೀರಿ. ಅಲ್ಲಾಡೋ ಹಲ್ಲು ಇದ್ಯಾ? ಮಾತ್ರೆ ಏನೇನು ತಗೋತೀರಿ?"

ಪ್ಲಾಸ್ಟಿಕ್ ಚೀಲ ಸುರಿಯುತ್ತೀರಿ. ಅಟೊರ್ವಾಸ್ಟಾಟಿನ್ 40ರ ಸ್ಟ್ರಿಪ್ಪು ಅರ್ಧ ಖಾಲಿಯಾಗಿದೆ; ಪಕ್ಕದಲ್ಲಿ ಎದೆನೋವಿಗೆ ಬರೆದುಕೊಟ್ಟ ಡಿಲ್ಟಿಯಾಜೆಮ್.

"ಈ ಕೊಲೆಸ್ಟ್ರಾಲ್ ಮಾತ್ರೆ ಶುರುವಾದ ಮೇಲೆ ಬೆಟ್ಟದ ಮೆಟ್ಟಿಲು ಹತ್ತೋಕೇ ಆಗ್ತಿಲ್ಲ ಮೇಡಂ. ನಂದಿ ಹತ್ರ ಬರೋಷ್ಟರಲ್ಲಿ ತೊಡೆ, ಮೀನಖಂಡ ಎಲ್ಲಾ ಹಿಡ್ಕೊಂಡುಬಿಡುತ್ತೆ."

ಡಿಲ್ಟಿಯಾಜೆಮ್ ಜೊತೆಗಿದ್ದರೆ ಅಟೊರ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ, ಸ್ನಾಯುನೋವಿಗೆ ಅದೂ ಕಾರಣವಿರಬಹುದು ಎನ್ನುತ್ತಾರೆ ಡಾಕ್ಟರು. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಸಿಪಿಕೆ ರಕ್ತಪರೀಕ್ಷೆ ಬರೆಯುತ್ತಾ, ತಲೆ ಎತ್ತದೆ ಕೇಳುತ್ತಾರೆ: "ಮನೇಲಿ ಯಾರಿಗಾದ್ರೂ ಅರಿವಳಿಕೆ ಕೊಟ್ಟಾಗ ತೊಂದರೆ ಆಗಿತ್ತಾ?"

"ನಮ್ಮ ಚಿಕ್ಕಪ್ಪಂಗೆ... ಹರ್ನಿಯಾ ಆಪರೇಷನ್ ಮಾಡ್ತಿದ್ದಾಗ ದವಡೆ ಕಚ್ಕೊಂಡು ಮೈ ಸುಡ್ತಿತ್ತಂತೆ. ಉಳೀಲಿಲ್ಲ."

ಪೆನ್ನು ನಿಲ್ಲುತ್ತದೆ. ಡಾಕ್ಟರು ಕುರ್ಚಿಯನ್ನು ನಿಮ್ಮತ್ತ ತಿರುಗಿಸಿಕೊಳ್ಳುತ್ತಾರೆ. ಇಂಥ ಸಾವುಗಳ ಕಥೆ ಅವರು ಓದಿದ್ದಾರೆ.

ಮೆಲ್ಬರ್ನ್‌ನಲ್ಲಿ ಕಾಲು ಮುರಿದುಕೊಂಡು ಬಂದ ತರುಣನೊಬ್ಬ ಮೂಳೆಗಿಂತ ಅರಿವಳಿಕೆಗೇ ಹೆದರಿದ್ದ. ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಕೊಟ್ಟಾಗ ಸತ್ತಿದ್ದರು. ವೈದ್ಯರಾದ ಡೆನ್‌ಬರೋ ಮತ್ತು ಲೊವೆಲ್ 1960ರಲ್ಲಿ ಅದನ್ನು ಬರೆದ ಮೇಲೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ ಈ ಕಾಯಿಲೆ ವೈದ್ಯಲೋಕದ ಗಮನಕ್ಕೆ ಬಂತು. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂನ ಉಗ್ರಾಣವಿದೆ. ಅದರ ಬಾಗಿಲು ಕಾಯುವ ಆರ್‌ವೈಆರ್1 ಜೀನಿನಲ್ಲಿ ದೋಷವಿದ್ದವರಿಗೆ ಸೆವೊಫ್ಲೂರೇನ್‌ನಂಥ ಅನಿಲವೋ ಸಕ್ಸಿನೈಲ್‌ಕೋಲಿನ್ನೋ ತಗುಲಿದರೆ ಬಾಗಿಲು ತೆರೆದುಕೊಂಡೇ ಉಳಿಯಬಹುದು. ಆಗ ಸ್ನಾಯು ಸೆಟೆಯುತ್ತದೆ, ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮೇಲೆ ಮೈ ಕಾಯುತ್ತದೆ.

"ಹಾಗಾದ್ರೆ ಈ ಮಾತ್ರೆಯಿಂದ ನಂಗೂ ಅದೇ ಬರುತ್ತಾ?"

"ಇಲ್ಲ. ಮಾತ್ರೆ ಆ ಕಾಯಿಲೆ ತರೋದಿಲ್ಲ. ಆದ್ರೆ ಸ್ಟಾಟಿನ್ ತಗೊಂಡು ಸ್ನಾಯು ತೀರಾ ಕೆಟ್ಟವರಲ್ಲಿ ಈ ಜೀನ್ ದೋಷ ಬೇರೆಯವರಿಗಿಂತ ಹೆಚ್ಚಾಗಿ ಸಿಕ್ಕಿದೆ. ಬರೀ ಕಾಲುನೋವಾಗಿದ್ರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ನಿಮ್ಮ ಚಿಕ್ಕಪ್ಪನ ವಿಷಯ ದೊಡ್ಡದು."

ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ: ಅನಿಲ ಬೇಡ, ಸಕ್ಸಿನೈಲ್‌ಕೋಲಿನ್ನೂ ಬೇಡ, ಪ್ರೊಪೊಫಾಲ್ ಡ್ರಿಪ್ ಮಾತ್ರ. ಅನಿಲದ ಡಬ್ಬಿಗಳನ್ನು ಮೆಷಿನ್ನಿಂದ ಕಳಚಿ, ಆಮ್ಲಜನಕ ಹಾಯಿಸಿ ತೊಳೆಯಬೇಕು. ಈ ಕಾಯಿಲೆಯ ಮದ್ದಾದ ಡಾಂಟ್ರೊಲೀನ್ ಕೈಗೆಟುಕುವಲ್ಲಿರಬೇಕು. 60 ಕಿಲೋ ತೂಕದ ನಿಮಗೆ ಮೊದಲ ಡೋಸೇ 150 ಮಿಲಿಗ್ರಾಂ, ಅಂದರೆ 20 ಮಿಲಿಗ್ರಾಂನ ಎಂಟು ಬಾಟ್ಲಿ. ಒಂದೊಂದಕ್ಕೂ 60 ಮಿಲಿಲೀಟರ್ ನೀರು ಬೆರೆಸಿ ಕುಲುಕಲು ಕೈಗಳೂ ಬೇಕು. ಡಿಲ್ಟಿಯಾಜೆಮ್ ಹೆಸರಿಗೆ ಸುತ್ತು ಹಾಕುತ್ತಾರೆ: ಡಾಂಟ್ರೊಲೀನ್ ಜೊತೆ ಇದು ಸೇರಿದರೆ ಪೊಟ್ಯಾಸಿಯಂ ಏರಿ ಹೃದಯ ಕುಸಿಯಬಹುದು.

"ಇದರ ಬಗ್ಗೆ ನಿಮ್ಮ ಹಾರ್ಟ್ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ. ಕೊಲೆಸ್ಟ್ರಾಲ್ ಮಾತ್ರೇನೂ ನೀವಾಗೇ ನಿಲ್ಲಿಸ್ಬೇಡಿ. ಆಪರೇಷನ್ ಹೊತ್ತಲ್ಲಿ ಹೃದಯಕ್ಕೆ ಅದರ ಕಾವಲು ಬೇಕು."

ಚೀಲ ಎತ್ತಿಕೊಳ್ಳುತ್ತೀರಿ. ಬಾಗಿಲ ಹತ್ತಿರ ಅವರ ದನಿ ಮತ್ತೆ ಕೇಳುತ್ತದೆ.

"ಚಿಕ್ಕಪ್ಪನ ಮಕ್ಕಳು ಎಲ್ಲಿದ್ದಾರೆ? ಇವತ್ತೇ ಫೋನ್ ಮಾಡಿ ಹೇಳಿ. ನಿಮಗಿಂತ ಅವರಿಗೇ ಅಪಾಯ ಜಾಸ್ತಿ."