ಸೀಸದ ಮುದ್ರೆ

ಕಬ್ಬಿನ ಕಟಾವು ಆರಂಭವಾಯಿತೆಂದರೆ ಬನ್ನೂರು ಸೀಮೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಕಾಣಿಸಿಕೊಳ್ಳುತ್ತದೆ. ಅಳತೆ ಮೀರಿ ಹೇರಿದ ಕಬ್ಬನ್ನು ಎಳೆದುಕೊಂಡು ಏರು ಹತ್ತುವಾಗ ಅವು ಉಗುಳುವ ಹೊಗೆ ಕಡುಕಪ್ಪು. ನೋಡಿದವರು ಎಂಜಿನ್ ಹಳೆಯದಾಗಿದೆ ಎಂದುಕೊಳ್ಳುತ್ತಾರೆ. ಹಳೆಯದಾಗಿರುವುದೂ ಉಂಟು, ಆದರೆ ಎಷ್ಟೋ ಬಾರಿ ಕಾರಣವೇ ಬೇರೆ. ಡೀಸೆಲ್ ಪಂಪಿನ ಒಂದು ತಿರುಪನ್ನು ಯಾರೋ ತಿರುಗಿಸಿರುತ್ತಾರೆ.

ಈ ಪಂಪು ಕರ್ನಾಟಕದವರಿಗೆ ಅಪರಿಚಿತವಾದುದಲ್ಲ. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೋ, ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪುಗಳನ್ನು ಒದಗಿಸುತ್ತ ಬಂದಿತು. 2008ರಿಂದ ಅದರ ಹೆಸರು ಬಾಷ್. ಪಂಪು ಒಂದು ಹೊಡೆತಕ್ಕೆ ಗರಿಷ್ಠ ಎಷ್ಟು ಡೀಸೆಲ್ ತಳ್ಳಬಹುದೆಂಬುದನ್ನು ಪರೀಕ್ಷಾ ಮೇಜಿನ ಮೇಲೆ ಅಳೆದು ನಿಗದಿ ಮಾಡಿ, ಆ ತಿರುಪಿಗೆ ತಂತಿ ಪೋಣಿಸಿ, ಸೀಸದ ಮುದ್ರೆ ಒತ್ತುವುದು ಪದ್ಧತಿ. ಮುದ್ರೆ ಕಿತ್ತು ತಿರುಪನ್ನು ಕೊಂಚ ತಿರುಗಿಸಿದರೆ ಡೀಸೆಲ್ ಹೆಚ್ಚು ಹರಿಯುತ್ತದೆ, ಗಾಡಿ ಹೆಚ್ಚು ಎಳೆಯುತ್ತದೆ. ಒಳಕ್ಕೆ ಬರುವ ಗಾಳಿ ಮಾತ್ರ ಮೊದಲಿನಷ್ಟೇ ಆದುದರಿಂದ, ಪೂರ್ತಿ ಉರಿಯದ ಇಂಧನ ಮಸಿಯಾಗಿ ಹಿಂದೆ ಬರುವವರ ಮುಖಕ್ಕೆ ಹೊಡೆಯುತ್ತದೆ. ಇಷ್ಟಾದರೂ ಆ ಕಾಲದ ತಪ್ಪಿಗೆ ಒಂದು ಗುಣವಿತ್ತು: ಅದು ಕಣ್ಣಿಗೆ ಕಾಣುತ್ತಿತ್ತು. ಮುದ್ರೆ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದವನಿಗೆ ತಿಳಿಯುತ್ತಿತ್ತು.

ಇಂದಿನ ಟರ್ಬೊ ಡೀಸೆಲ್ ಕಾರಿನಲ್ಲಿ ಆ ತಿರುಪಿಲ್ಲ. ಅದರ ಸ್ಥಾನದಲ್ಲಿ ಒಂದು ಚಿಕ್ಕ ಪೆಟ್ಟಿಗೆ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕುಳಿತಿದೆ. ಪಂಚಾಂಗದಲ್ಲಿ ತಿಥಿ, ನಕ್ಷತ್ರಗಳ ಕೋಷ್ಟಕವಿರುವಂತೆ ಅದರೊಳಗೆ ಅಂಕಿಗಳ ಕೋಷ್ಟಕಗಳಿವೆ. ಅವಕ್ಕೆ ಮ್ಯಾಪ್ ಎಂದು ಹೆಸರು. ಎಂಜಿನ್ ನಿಮಿಷಕ್ಕೆ ಇಷ್ಟು ಸುತ್ತು ತಿರುಗುವಾಗ, ಚಾಲಕ ಇಷ್ಟು ತುಳಿದಾಗ, ಗಾಳಿ ಇಷ್ಟು ಬಿಸಿಯಿದ್ದಾಗ, ಎಷ್ಟು ಡೀಸೆಲ್ ಯಾವ ಕ್ಷಣದಲ್ಲಿ ಚಿಮ್ಮಬೇಕು, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು ಎಂಬುದೆಲ್ಲ ಅಲ್ಲಿ ಬರೆದಿದೆ. ಹೊಗೆ ಮಿತಿ ಮೀರದಂತೆ ತಡೆಯುವ ಕೋಷ್ಟಕ ಒಂದು. ಕ್ಲಚ್ಚು, ಗೇರ್‌ಪೆಟ್ಟಿಗೆಗಳು ತಾಳಲಾರದಷ್ಟು ತಿರುಚುಬಲ ಹುಟ್ಟದಂತೆ ತಡೆಯುವ ಕೋಷ್ಟಕ ಮತ್ತೊಂದು. ಚಾಲಕನ ಕಾಲ ಬಳಿ ಇರುವ ಸಾಕೆಟ್ಟಿಗೆ ತಂತಿ ಸಿಕ್ಕಿಸಿ, ಈ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು, ಕೆಲವನ್ನು ಹೆಚ್ಚಿಸಿ ಮತ್ತೆ ತುಂಬುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಒಂದೆರಡು ಗಂಟೆಯ ಕೆಲಸ. ನಾಲ್ಕನೆಯ ಒಂದು ಭಾಗದಷ್ಟು ಶಕ್ತಿ ಹೆಚ್ಚುತ್ತದೆಂದು ಮಾಡಿಕೊಡುವವರು ಹೇಳುತ್ತಾರೆ. ಟರ್ಬೊ ಎಂಜಿನ್ನುಗಳ ಮಟ್ಟಿಗೆ ಇದು ಬಹುಮಟ್ಟಿಗೆ ಸುಳ್ಳೂ ಅಲ್ಲ. ಗಾಳಿಯನ್ನೂ ಡೀಸೆಲ್ಲನ್ನೂ ಒಟ್ಟಿಗೆ ಹೆಚ್ಚಿಸಬಲ್ಲುದಾದ್ದರಿಂದ, ಕಪ್ಪು ಹೊಗೆಯ ಗುರುತೂ ಎಷ್ಟೋ ಬಾರಿ ಉಳಿಯುವುದಿಲ್ಲ.

ಬನ್ನೂರಿನ ಅಕ್ಕಿ ವ್ಯಾಪಾರದ ಮನೆಯೊಂದರ ಮಗ 2018ರಲ್ಲಿ ಇದನ್ನು ಮಾಡಿಸಿದ. 2014ರಲ್ಲಿ ಕೊಂಡ 1248 ಸಿಸಿಯ ಡೀಸೆಲ್ ಸ್ವಿಫ್ಟ್ ಅವನದು. ವಾರದಲ್ಲಿ ಐದಾರು ದಿನ ಮೈಸೂರಿಗೆ ಹೋಗಿ ಬರುವವನು. ಕಬ್ಬಿನ ಟ್ರ್ಯಾಕ್ಟರುಗಳನ್ನೂ ಎತ್ತಿನ ಗಾಡಿಗಳನ್ನೂ ದಾಟಿ ಮುಂದೆ ಹೋಗುವಾಗ ಕಾರಿಗೆ ಉಸಿರು ಸಾಲದು ಎಂಬುದು ಅವನ ದೂರು. ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ಮಾಡಿಸಿಕೊಂಡು ಬಂದವನು ಮನೆಯಲ್ಲಿ ಮುಚ್ಚಿಡಲಿಲ್ಲ. ಸಂತೋಷ ಮುಚ್ಚಿಡುವಂಥದಾಗಿಯೂ ಇರಲಿಲ್ಲ.

ತಂದೆ ಯೌವನದಲ್ಲಿ ಕಬ್ಬಿನ ಲಾರಿ ಇಟ್ಟಿದ್ದವರು. ಎಲ್ಲವನ್ನೂ ಕೇಳಿ, "ಅಂದರೆ ಪಂಪಿನ ಮುದ್ರೆ ಒಡೆಸಿದೆ ಅನ್ನು," ಎಂದರು.

"ಹಾಗಲ್ಲ ಅಪ್ಪಾಜಿ, ಒಂದು ಬೋಲ್ಟೂ ಬಿಚ್ಚಿಲ್ಲ. ಎಂಜಿನ್ನಿನಲ್ಲಿ ಇರುವ ಶಕ್ತಿಯನ್ನೇ ಕಂಪನಿಯವರು ಕಟ್ಟಿಹಾಕಿದ್ದರು. ಅದನ್ನು ಬಿಡಿಸಿದ್ದು ಅಷ್ಟೆ. ನನ್ನ ಕಾರು, ನನ್ನ ದುಡ್ಡು. ಇದರಲ್ಲಿ ಯಾರ ಗಂಟು ಹೋಯಿತು?"

ಯಾರ ಗಂಟು ಹೋಯಿತು ಎಂಬ ಪ್ರಶ್ನೆ ಲಘುವಾದುದಲ್ಲ. ಯುವಕನ ವಾದದಲ್ಲಿ ಹುರುಳೂ ಇದೆ. ಫಿಯಟ್ ಮೂಲದ ಆ 1248 ಸಿಸಿ ಎಂಜಿನ್ನು ಸ್ವಿಫ್ಟಿನಲ್ಲಿ 75 ಅಶ್ವಶಕ್ತಿ ಕೊಟ್ಟರೆ, ಅದೇ ಕಂಪನಿಯ ಎರ್ಟಿಗಾ, ಸಿಯಾಜ್‌ಗಳಲ್ಲಿ 90 ಕೊಡುತ್ತಿತ್ತು. ಒಂದೇ ಅಚ್ಚಿನ ಎಂಜಿನ್ನಿಗೆ ಎರಡು ಶಕ್ತಿ ಎಂದಮೇಲೆ, ಕಡಿಮೆ ಕೊಟ್ಟವರು ಬೇಕೆಂದೇ ತಡೆಹಿಡಿದರೆಂದು ಗ್ರಾಹಕನಿಗೆ ಅನಿಸುವುದು ಸಹಜ. ಆದರೆ 90ರ ಎಂಜಿನ್ನಿಗೆ ಬೇರೆ ಟರ್ಬೊ ಇತ್ತು. ಅದರ ರೆಕ್ಕೆಗಳ ಕೋನ ವೇಗಕ್ಕೆ ತಕ್ಕಂತೆ ಬದಲಾಗುತ್ತಿತ್ತು. 75ರದಕ್ಕೆ ಸ್ಥಿರ ರೆಕ್ಕೆಯ ಸಾದಾ ಟರ್ಬೊ. ಅಂಕಿ ಬದಲಾಯಿಸಿದ ಮಾತ್ರಕ್ಕೆ ಯಂತ್ರ ಬದಲಾಗುವುದಿಲ್ಲ. ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ, ಕೆಂಡದಂಥ ಹೊಗೆಯಲ್ಲಿ ನಿಂತ ಆ ಪುಟ್ಟ ಚಕ್ರಕ್ಕೆ ಹೆಚ್ಚಿನ ದುಡಿಮೆ ಹೇರಿದಂತಾಗುತ್ತದೆ, ಅಷ್ಟೆ.

ಇನ್ನು ಕಟ್ಟಿಹಾಕಿದರೆಂಬ ಮಾತು. ತಯಾರಕರು ಒಂದು ಕಾರನ್ನು ಒಬ್ಬನಿಗಾಗಿ ರೂಪಿಸುವುದಿಲ್ಲ. ಅದೇ ಕಾರು ರಾಯಚೂರಿನ ಬೇಸಿಗೆಯಲ್ಲೂ ಓಡಬೇಕು, ಗಾಳಿ ತೆಳುವಾದ ಲಡಾಖಿನ ಕಣಿವೆಯಲ್ಲೂ ಓಡಬೇಕು. ಒಂದು ಬಂಕಿನ ಡೀಸೆಲ್ ಇನ್ನೊಂದರಂತಿರುವುದಿಲ್ಲ. ಗಾಳಿಯ ಸೋಸುಕ ಧೂಳಿನಿಂದ ಕಟ್ಟಿಕೊಂಡಿರುತ್ತದೆ; ಮಾಲೀಕ ಎಣ್ಣೆ ಬದಲಾಯಿಸುವುದನ್ನು ಮರೆತಿರುತ್ತಾನೆ. ಒಂದೇ ಕಾರ್ಖಾನೆಯಿಂದ ಬಂದ ಎರಡು ಬಿಡಿಭಾಗಗಳೂ ಕೂದಲೆಳೆಯಷ್ಟು ಬೇರೆಯಿರುತ್ತವೆ. ಇವೆಲ್ಲಕ್ಕೂ ಎಂದು ಬಿಟ್ಟ ಜಾಗವೇ ಆ ಮೀಸಲು. ಹಗೇವಿನಲ್ಲಿ ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ನೋಡಿ ಇದು ವ್ಯರ್ಥವಾಗಿ ಬಿದ್ದಿದೆ ಎಂದವನನ್ನು ಈ ಸೀಮೆಯಲ್ಲಿ ಯಾರೂ ಜಾಣನೆನ್ನುವುದಿಲ್ಲ.

ಆ ಮೀಸಲಿನಲ್ಲಿ ಒಂದು ಪಾಲು ಮಾಲೀಕನದೇ. ಅದನ್ನು ಅವನು ಸುಟ್ಟುಕೊಂಡರೆ ನಷ್ಟ ಅವನಿಗೆ. ಮತ್ತೊಂದು ಪಾಲು ಅವನದಲ್ಲ. ಡೀಸೆಲ್ ಹೆಚ್ಚು ಬಿಸಿಯಲ್ಲಿ ಉರಿದಷ್ಟೂ ಸಾರಜನಕದ ಆಕ್ಸೈಡುಗಳು ಹೆಚ್ಚು ಹುಟ್ಟುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ, ಶ್ವಾಸನಾಳಕ್ಕೆ ತಿಳಿಯುತ್ತವೆ. ಬಿ.ಎಸ್. 4 ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ಬಿಡಬಹುದಾಗಿದ್ದುದು, 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6ರಲ್ಲಿ 0.08ಕ್ಕೆ ಇಳಿಯಿತು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಸಾರಿತು. ಆದರೂ ರಸ್ತೆ ಬದಿಯ ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ವಾಹನಕ್ಕೆ ಅಳೆಯುವುದು ಹೊಗೆಯ ಸಾಂದ್ರತೆಯನ್ನು ಮಾತ್ರ. ಆ ಯುವಕನ ಕಾರು ರೀಮ್ಯಾಪ್ ಆದಮೇಲೂ ಎಮಿಷನ್ ಪತ್ರ ಪಡೆಯಿತು, ಪ್ರತಿ ಬಾರಿಯೂ. ಅದು ಅವನ ಸಮಾಧಾನಕ್ಕೆ ದೊಡ್ಡ ಆಧಾರವೂ ಆಯಿತು.

ಅವನ ಬಳಿ ಇನ್ನೊಂದು ಉತ್ತರವಿತ್ತು: ಕಂಪನಿಗಳೇನು ಸತ್ಯಹರಿಶ್ಚಂದ್ರರೇ? ಇದಕ್ಕೆ ಪ್ರತ್ಯುತ್ತರ ಹೇಳುವುದು ಕಷ್ಟ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟೀಸು ಕೊಟ್ಟಾಗ ಜಗತ್ತಿಗೆ ತಿಳಿದುದು ಇದೇ ಪೆಟ್ಟಿಗೆಯ ಕಥೆ. ಕಾರು ಪರೀಕ್ಷೆಗೆ ನಿಂತಿದೆಯೆಂಬುದನ್ನು ಕಂಪ್ಯೂಟರೇ ಗ್ರಹಿಸಿ, ಅಷ್ಟು ಹೊತ್ತು ಮಾತ್ರ ಹೊಗೆಯನ್ನು ಶುದ್ಧವಾಗಿಟ್ಟು, ರಸ್ತೆಗಿಳಿದೊಡನೆ ಬೇರೆ ಕೋಷ್ಟಕಕ್ಕೆ ಹೊರಳುತ್ತಿತ್ತು. ಮಿತಿಯ 40 ಪಟ್ಟಿನವರೆಗೂ ಸಾರಜನಕದ ಆಕ್ಸೈಡು ಹೊರಬರುತ್ತಿತ್ತು. ಸುಳಿವು ಸಿಕ್ಕಿದ್ದು ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾನಿಲಯದವರು ಅಳೆಯುವ ಉಪಕರಣವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದ್ದರಿಂದ. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳ ಪ್ರಶ್ನೆ ಎದ್ದಿತು. ಭಾರತದಲ್ಲಿ 3 ಲಕ್ಷ 23 ಸಾವಿರಕ್ಕೂ ಹೆಚ್ಚು ಕಾರುಗಳನ್ನು ತಂತ್ರಾಂಶ ತಿದ್ದುವುದಕ್ಕೆ ಕರೆಸಿಕೊಳ್ಳುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ತಿಳಿಸಿತು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಇಲ್ಲಿನ ನಿಯಮಗಳನ್ನು ಮೀರಿಲ್ಲವೆಂಬುದು ಕಂಪನಿಯ ವಾದ. ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟು ಮೇ ತಿಂಗಳಲ್ಲಿ ಹೇಳಿತು. ದೊಡ್ಡವರು ಪರೀಕ್ಷೆಯ ಕಣ್ಣಿಗೆ ಮಣ್ಣೆರಚಿದರೆಂಬುದು ಚಿಕ್ಕವರಿಗೆ ಅನುಮತಿಪತ್ರವಾಗುವುದು ವಿಚಿತ್ರವೇ ಸರಿ. ಆದರೆ ಲೋಕದಲ್ಲಿ ಆಗುವುದು ಹಾಗೆಯೇ.

ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೆ ಎರಡೂ. ವಿಮೆಯವರಿಗೆ ತಿಳಿಸದ ಮಾರ್ಪಾಡು ಅಪಘಾತದ ದಿನ ಪರಿಹಾರಕ್ಕೆ ಅಡ್ಡ ಬರಬಹುದು. ಇವೆಲ್ಲ ಕಾಗದದ ಮೇಲಿನ ಮಾತು. ರಸ್ತೆಯಲ್ಲಿ ಕಾರು ನಿಲ್ಲಿಸಿ ಅದರ ಕೋಷ್ಟಕ ಓದುವ ಪೊಲೀಸರನ್ನು ಬನ್ನೂರಿನಲ್ಲಿ ಯಾರೂ ಕಂಡಿಲ್ಲ.

ಇಲ್ಲಿ ಹಳೆಯ ಆಚಾರಗ್ರಂಥಗಳ ವರ್ಗೀಕರಣ ಕುತೂಹಲ ಹುಟ್ಟಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಮೊದಲು ಎಣಿಸುವುದು ಅತಿವಾಹನವನ್ನು, ಅಂದರೆ ವಾಹನವನ್ನು ಅದರ ಮಿತಿ ಮೀರಿ ಓಡಿಸುವುದನ್ನು. ಎತ್ತು, ಕುದುರೆಗಳ ಕಾಲದ ಮಾತಾದ್ದರಿಂದ ಇದು ಹಿಂಸೆಯ ಪಟ್ಟಿಯಲ್ಲಿ ಇರಬೇಕಿತ್ತೆಂದು ಓದುಗರಿಗೆ ಅನಿಸೀತು. ಅದನ್ನು ಇಟ್ಟಿರುವುದು ಆಸೆಯ ಪಟ್ಟಿಯಲ್ಲಿ. ತತ್ತ್ವಾರ್ಥಸೂತ್ರವಾದರೋ ರಾಜ್ಯದ ಕಟ್ಟಳೆ ಮೀರಿ ನಡೆಯುವುದನ್ನು, ವಿರುದ್ಧರಾಜ್ಯಾತಿಕ್ರಮವನ್ನು, ಅಸತ್ಯದ ಕೆಳಗಲ್ಲ, ಕಳವಿನ ಕೆಳಗೆ ಹೇಳುತ್ತದೆ. ಯಾರ ಗಂಟು ಹೋಯಿತೆಂದು ಕೇಳಿದ ಮಗನಿಗೆ ಈ ವರ್ಗೀಕರಣದಲ್ಲಿ ಉತ್ತರವಿದೆ. ಹುರುಳಿ ಒಕ್ಕಣೆಗೆ ಟಾರು ರಸ್ತೆಯ ಮೇಲೆಯೇ ಕುಳಿತ ಹೆಂಗಸರು, ಕುರಿಮಂದೆ ಅಟ್ಟಿಕೊಂಡು ಹೋಗುವ ಹುಡುಗ, ಇವರು ಉಸಿರಾಡುವ ಗಾಳಿಯಲ್ಲಿ ಉಳಿಸಿಟ್ಟ ಪಾಲದು.

ತಂದೆ ಇಷ್ಟು ದೂರ ವಾದಿಸಿದವರಲ್ಲ. "ಲಾರಿಯ ಮುದ್ರೆ ನಾನೂ ಒಡೆಸಿದ್ದೆ ಕಣಪ್ಪ. ಎರಡು ಟನ್ ಹೆಚ್ಚು ಎಳೆಯಿತು. ಆಮೇಲೆ ಎಂಜಿನ್ ಬಿಚ್ಚಿಸಿದ ಖರ್ಚಿನ ಲೆಕ್ಕ ಮಾತ್ರ ಯಾರ ಹತ್ತಿರವೂ ಹೇಳಲಿಲ್ಲ," ಎಂದು ಸುಮ್ಮನಾದರು.

ಎರಡು ವರ್ಷ ಕಾರು ಚೆನ್ನಾಗಿಯೇ ಓಡಿತು. ಇದನ್ನು ಮರೆಮಾಚುವಂತಿಲ್ಲ, ರೀಮ್ಯಾಪ್ ಮಾಡಿಸಿದ ಎಲ್ಲ ಎಂಜಿನ್ನೂ ಒಡೆದುಹೋಗುತ್ತದೆಂದು ಹೆದರಿಸುವವರ ಮಾತು ಪ್ರಾಮಾಣಿಕವಾದುದಲ್ಲ. ಮೂರನೆಯ ವರ್ಷ ಏರಿನಲ್ಲಿ ಕ್ಲಚ್ ಜಾರತೊಡಗಿತು. 2021ರಲ್ಲಿ ಕಾರು ಮಾರುವ ನಿಶ್ಚಯವಾಯಿತು. ಸೋಸಲೆಯ ಕಡೆಯ ಶಾಲಾ ಮೇಷ್ಟ್ರೊಬ್ಬರು ನೋಡಲು ಬರುವುದಾಗಿ ಹೇಳಿಕಳುಹಿಸಿದರು.

ನಿಜವಾದ ಸಂಕಟ ಹುಟ್ಟಿದ್ದು ಆಗ. ಮೂಲ ಕಡತವನ್ನು ಕಾರ್ಯಾಗಾರದವರು ಜೋಪಾನವಾಗಿ ಇಟ್ಟಿದ್ದರು. ಅದನ್ನು ಮತ್ತೆ ತುಂಬಿಸಿದರೆ ಕಾರು 2014ರಂತೆಯೇ ಆಗುತ್ತದೆ, ಯಾರಿಗೂ ಪತ್ತೆ ಹತ್ತದು ಎಂಬುದು ಸ್ನೇಹಿತರ ಸಲಹೆ. ಎಷ್ಟು ಬಾರಿ ಬರೆಹ ಬದಲಾಯಿತೆಂಬ ಎಣಿಕೆಯನ್ನು ಕೆಲವು ಪೆಟ್ಟಿಗೆಗಳು ಇಟ್ಟುಕೊಳ್ಳುವುದುಂಟು. ಆದರೆ ಅದನ್ನು ಮೇಷ್ಟ್ರು ಎಲ್ಲಿ ನೋಡಿಯಾರು? ಅಂಕಿಗಳು ಹಿಂದಿರುಗುತ್ತವೆ. ಟರ್ಬೊ ಮೂರು ವರ್ಷ ತಾಳಿದ ಬಿಸಿ ಹಿಂದಿರುಗುವುದಿಲ್ಲ. ಸೀಸದ ಮುದ್ರೆ ಹೋದ ಪಂಪು ಕೊಳ್ಳುವವನಿಗೆ ತಾನಾಗಿಯೇ ಹೇಳುತ್ತಿದ್ದುದನ್ನು, ಇಲ್ಲಿ ಮಾಲೀಕನೇ ಬಾಯಿಬಿಟ್ಟು ಹೇಳಬೇಕು.

ಮೂಲ ಕಡತ ತುಂಬಿಸಿದ್ದಾಯಿತು, ಕ್ಲಚ್ಚೂ ಹೊಸದಾಯಿತು. ಮೇಷ್ಟ್ರು ಕಾರು ಓಡಿಸಿ ನೋಡಿ, ಮೆಚ್ಚಿ, ಬಾನೆಟ್ ಮುಚ್ಚುತ್ತ ವಾಡಿಕೆಯ ಪ್ರಶ್ನೆ ಕೇಳಿದರು: "ಎಂಜಿನ್ ಕೆಲಸ ಏನಾದರೂ ಮಾಡಿಸಿದ್ದೀರಾ ಸ್ವಾಮಿ?"

ಯುವಕ ಒಂದು ಗಳಿಗೆ ಬಾಗಿಲಲ್ಲಿ ನಿಂತ ತಂದೆಯ ಕಡೆ ನೋಡಿದ. ಅವರು ಅಕ್ಕಿ ಮೂಟೆ ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಮಾಡಿಸಿದ್ದೆ ಮೇಷ್ಟ್ರೇ. ಕೂತುಕೊಳ್ಳಿ, ಹೇಳುತ್ತೇನೆ."

ಕೇಳಿದ ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಬೇಸರವಾಯಿತು. ಅಂದು ಹಾಗೆಯೇ ಹೊರಟುಹೋದರು. ಹದಿನೈದು ದಿನದ ನಂತರ ತಮ್ಮ ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಬಂದು, ಟರ್ಬೊ ಬಿಚ್ಚಿಸಿ ನೋಡಿ, ಮೊದಲು ಆಡಿದ ಬೆಲೆಗಿಂತ ಗಣನೀಯವಾಗಿ ಕಡಿಮೆಗೆ ಕೇಳಿದರು. ಚೌಕಾಸಿ ನಡೆಯಲಿಲ್ಲ. ರೀಮ್ಯಾಪ್ ಮಾಡಿಸಿದ ತಾರೀಖು, ತೆಗೆಸಿದ ತಾರೀಖು, ಕ್ಲಚ್ ಬದಲಾಯಿಸಿದಾಗಿನ ಕಿಲೋಮೀಟರ್ ಇವನ್ನು ಒಂದು ಹಾಳೆಯ ಮೇಲೆ ಬರೆಸಿ, ಅಪ್ಪ ಮಗ ಇಬ್ಬರಿಂದಲೂ ರುಜು ಹಾಕಿಸಿಕೊಂಡು, ಮೇಷ್ಟ್ರು ಅದನ್ನು ನೋಂದಣಿ ಪತ್ರದ ಜೊತೆ ಮಡಿಸಿಟ್ಟುಕೊಂಡರು.