ಜೊತೆಯಿಲ್ಲದ ನಾಳ

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ನಾನು ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅನ್ನನಾಳ ತೋರಿಸುತ್ತೇನೆ. ಲೆಸ್ಟರಿನಲ್ಲಿ ಆ ಹೊತ್ತಿಗೆ ಗಡಿಯಾರ ಹಿಂದಕ್ಕೆ ತಿರುಗಿಸಿ ಸಂಜೆ ಐದಕ್ಕೆಲ್ಲ ಕತ್ತಲಾಗಿರುತ್ತದೆ. ಶವಛೇದನ ಕೊಠಡಿಯ ಬಿಳಿ ದೀಪದಡಿ ಮೇಜಿಗೆ ಎಂಟೆಂಟು ಮಂದಿ. ಮೇಜಿನ ಮೇಲಿರುವವರು ಬದುಕಿದ್ದಾಗಲೇ ಸಹಿ ಹಾಕಿ ದೇಹ ಕೊಟ್ಟವರು. ಹೃದಯ, ಶ್ವಾಸಕೋಶ ತೆಗೆದಿಟ್ಟ ಮೇಲೆ ಬೆನ್ನುಮೂಳೆಗೆ ಆತುಕೊಂಡು ಕಾಣುವ ಚಪ್ಪಟೆ ಪಟ್ಟಿಯನ್ನು ನೋಡಿ ಹುಡುಗರು ಕೇಳುವುದು ಒಂದೇ ಪ್ರಶ್ನೆ: ‘ಇಷ್ಟೇನಾ?’

ಇಷ್ಟೇ. ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ಇಳಿಯದಿದ್ದಾಗ ಒಣಗಿದ ಬಾಳೆಪಟ್ಟೆಯ ಹಾಗೆ ಮಡಚಿಕೊಂಡು ಬಿದ್ದಿರುತ್ತದೆ. ಆದರೆ ಅದರ ನೆರೆಹೊರೆ ನೋಡಿ. ಮುಂದೆ ಶ್ವಾಸನಾಳ, ಅದರ ಕೆಳಗೆ ಹೃದಯದ ಎಡ ಹೃತ್ಕರ್ಣ. ಇದಕ್ಕೇ ಅನ್ನನಾಳದೊಳಗೆ ಅಲ್ಟ್ರಾಸೌಂಡ್ ಕೊಳವೆ ಇಳಿಸಿ ಹೃದಯವನ್ನು ಬೆನ್ನ ಕಡೆಯಿಂದ ಇಣುಕಿ ನೋಡುತ್ತಾರೆ. ಎಡಕ್ಕೆ ಮಹಾಧಮನಿಯ ಕಮಾನು ಒತ್ತಿಕೊಂಡಿರುತ್ತದೆ. ಮೀನಿನ ಮುಳ್ಳು, ಮಕ್ಕಳು ನುಂಗಿದ ನಾಣ್ಯ ಸಿಕ್ಕಿಕೊಳ್ಳುವುದು ಇಂಥ ಇಕ್ಕಟ್ಟುಗಳಲ್ಲೇ. ಕೆಳಗೆ ಹತ್ತನೆಯ ಎದೆಬೆನ್ನೆಲುಬಿನ ಮಟ್ಟದಲ್ಲಿ ವಪೆಯನ್ನು ತೂರಿಕೊಂಡು ಹೊಟ್ಟೆಗೆ ಇಳಿಯುತ್ತದೆ.

ಬಲಗಡೆ ಬೆನ್ನುಮೂಳೆಯ ಪಕ್ಕದಲ್ಲಿ ಅಝೈಗಸ್ ಎಂಬ ಅಭಿಧಮನಿ ಮೇಲಕ್ಕೆ ಏರುತ್ತದೆ. ಗ್ರೀಕಿನಲ್ಲಿ ‘ನೊಗವಿಲ್ಲದ್ದು’ ಎಂದರ್ಥ. ಎಡಗಡೆ ಅದಕ್ಕೆ ಸರಿಸಾಟಿ ಜೊತೆಯಿಲ್ಲ, ಅದಕ್ಕೆ ಆ ಹೆಸರು. ಇಲ್ಲಿನ ಹುಡುಗರಿಗೆ ಇದು ಬಾಯಿಪಾಠದ ಪದ. ನನಗೆ ಮಾತ್ರ ನಮ್ಮ ಕೊಟ್ಟಿಗೆಯಲ್ಲಿ ಜೊತೆ ಸತ್ತ ಮೇಲೆ ಒಂಟಿಯಾಗಿ ನಿಂತಿದ್ದ ಎತ್ತು ನೆನಪಾಗುತ್ತದೆ.

ಅನ್ನನಾಳದ ನಡುಭಾಗದ ರಕ್ತವೆಲ್ಲ ಈ ಒಂಟಿ ನಾಳಕ್ಕೆ ಸೇರಿ ನೇರ ಹೃದಯದ ಕಡೆ ಹೋಗುತ್ತದೆ. ಕೆಳತುದಿಯ ರಕ್ತಕ್ಕೆ ಇನ್ನೊಂದು ದಾರಿ: ಜಠರದ ಎಡ ಅಭಿಧಮನಿ ಹಿಡಿದು ಪೋರ್ಟಲ್ ನಾಳಕ್ಕೆ, ಅಲ್ಲಿಂದ ಯಕೃತ್ತಿಗೆ. ಎರಡು ಊರಿನ ಕಾಲುವೆಗಳು ಕೂಡುವ ಹಾಗೆ ಈ ಎರಡು ದಾರಿಗಳು ಅನ್ನನಾಳದ ಕೆಳತುದಿಯಲ್ಲಿ ಸಣ್ಣ ಸಣ್ಣ ಎಳೆಗಳಾಗಿ ಕೂಡುತ್ತವೆ. ಆರೋಗ್ಯವಾಗಿರುವ ದೇಹದಲ್ಲಿ ಅವು ಇರುವುದೇ ಗೊತ್ತಾಗುವುದಿಲ್ಲ. ಇದನ್ನು ನಾನು ಹತ್ತು ವರ್ಷ ಪಾಠ ಮಾಡಿದ್ದೆ.

2017ರ ನವೆಂಬರಿನ ಒಂದು ರಾತ್ರಿ ಹನ್ನೆರಡಕ್ಕೆ ಹದಿನೈದು ನಿಮಿಷವಿದ್ದಾಗ ತಮ್ಮನ ಫೋನು ಬಂತು. ಸಾಗರದಲ್ಲಿ ಬೆಳಗಿನ ಐದೂಕಾಲು. ‘ಅಪ್ಪ ರಕ್ತ ವಾಂತಿ ಮಾಡ್ಕೊಂಡ್ರು. ಒಂದು ತಂಬಿಗೆ ಆಗೋಷ್ಟು.’ ನೋವು ಇತ್ತಾ ಎಂದು ಕೇಳಿದೆ. ‘ಇಲ್ಲ, ನೋವೇ ಇಲ್ಲ ಅಂತಾರೆ.’ ಅದು ಕೇಳಿದೊಡನೆ ನನ್ನ ಕೈ ತಣ್ಣಗಾಯಿತು. ಹುಣ್ಣಿನ ರಕ್ತಕ್ಕೆ ಎಷ್ಟೋ ಸಲ ಹೊಟ್ಟೆನೋವಿನ ಹಿಂದುಮುಂದು ಇರುತ್ತದೆ. ನೋವಿಲ್ಲದೆ ಏಕಾಏಕಿ ಉಕ್ಕುವ ರಕ್ತ ಎಂದರೆ ನಾನು ಪ್ರತಿ ಅಕ್ಟೋಬರಿನಲ್ಲಿ ಚಿಮಟದ ತುದಿಯಿಂದ ತೋರಿಸುವ ಆ ಜಾಗವೇ ಇರಬೇಕು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು, ಇಲ್ಲಿ ಅಲ್ಲಿ ನಿಲ್ಲಬೇಡ ಎಂದೆ. ದಾರಿ ಎಪ್ಪತ್ತು ಕಿಲೋಮೀಟರಿಗೂ ಮೇಲೆ. ಆ ಎರಡು ಗಂಟೆ ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ.

ಶಿವಮೊಗ್ಗದ ವೈದ್ಯರು ರಕ್ತ ಏರಿಸಿ, ಎಂಡೋಸ್ಕೋಪಿ ಮಾಡಿ, ಉಬ್ಬಿದ ನಾಳಗಳನ್ನು ಕೊಳವೆಯ ತುದಿಯ ಬಿರಡೆಯೊಳಗೆ ಒಂದೊಂದಾಗಿ ಹೀರಿಕೊಂಡು ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸಿದರು. ಅಪ್ಪ ಉಳಿದರು. ನಾನು ಊರು ತಲುಪಿದಾಗ ಎದ್ದು ಕೂತು ತಣ್ಣನೆ ಗಂಜಿ ಕುಡಿಯುತ್ತಿದ್ದರು.

ಆದರೆ ರಕ್ತಕ್ಕಿಂತ ಬೇಗ ಮಾತು ಹರಿದಿತ್ತು. ‘ಲಿವರ್ ಕೆಟ್ಟಿದೆಯಂತೆ’ ಎಂದರೆ ನಮ್ಮ ಕಡೆ ಒಂದೇ ಅರ್ಥ. ನೋಡಲು ಬಂದ ನೆಂಟರೊಬ್ಬರು ಜಗಲಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ‘ಗುಟ್ಟಾಗಿ ತಗೋತಿದ್ರಾ?’ ಎಂದು ಕೇಳಿದರು. ಮದುವೆಮನೆಯ ಪಾನಕದಲ್ಲೂ ಏಲಕ್ಕಿ ಜಾಸ್ತಿಯಾಯಿತೆಂದು ಲೋಟ ಕೆಳಗಿಡುವ ಮನುಷ್ಯ ಅಪ್ಪ. ಅವರಿಗಿದ್ದದ್ದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಯಕೃತ್ತಿನಲ್ಲಿ ಕೂತ ಕೊಬ್ಬು. ಆ ಕೊಬ್ಬು ಸದ್ದಿಲ್ಲದೆ ಯಕೃತ್ತನ್ನು ಗಾಯದ ನಾರಾಗಿಸಿ ಗಂಟುಗಟ್ಟಿಸಿತ್ತು. ಆಗ ಈ ಕಾಯಿಲೆಯ ಹೆಸರೇ ‘ಮದ್ಯದಿಂದಲ್ಲದ’ ಎಂದು ಶುರುವಾಗುತ್ತಿತ್ತು. 2023ರಲ್ಲಿ ತಜ್ಞರು ಹೆಸರು ಬದಲಿಸಿ ಮದ್ಯದ ಮಾತನ್ನೇ ತೆಗೆದುಹಾಕಿದರು. ಅಪ್ಪನಿಗೆ ಅದು ತಡವಾಯಿತು.

ನೆಂಟರ ಮೇಲೆ ಸಿಟ್ಟು ಮಾಡಿದೆ, ನಿಜ. ಆದರೆ ಹೇಳಿಕೊಳ್ಳಬೇಕಾದ ಮಾತು ಬೇರೆ ಇದೆ. ಹಿಂದಿನ ಮಾರ್ಚಿನಲ್ಲಿ ತಮ್ಮ ಅಪ್ಪನ ರಕ್ತಪರೀಕ್ಷೆಯ ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ನಾನು ಸಕ್ಕರೆಯ ಅಂಕಿ ನೋಡಿ ‘ಪರವಾಗಿಲ್ಲ’ ಎಂದು ಉತ್ತರಿಸಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಚಿತ್ರವನ್ನು ಮತ್ತೆ ತೆರೆದೆ. ಮೂರನೆಯ ಸಾಲಿನಲ್ಲಿ ಪ್ಲೇಟ್ಲೆಟ್ 84,000. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದದ್ದು. ಪೋರ್ಟಲ್ ನಾಳದ ಒತ್ತಡ ಏರಿದಾಗ ಗುಲ್ಮ ಊದಿ ಪ್ಲೇಟ್ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದೂ ನನ್ನ ಪಾಠದಲ್ಲೇ ಬರುವ ವಿಷಯ. ನಾನು ವೈದ್ಯನಲ್ಲ, ಅಂಗರಚನೆ ಕಲಿಸುವವನು ಎಂದು ಸಮಾಧಾನ ಹೇಳಿಕೊಳ್ಳಬಹುದು. ಹೇಳಿಕೊಂಡೂ ಇದ್ದೇನೆ. ತಮ್ಮನಿಗೆ ಮಾತ್ರ ಇವತ್ತಿನವರೆಗೆ ಹೇಳಿಲ್ಲ. ಈ ಪುಸ್ತಕ ಅವನ ಕೈಗೆ ಸಿಕ್ಕರೆ ಇಲ್ಲೇ ಓದಲಿ.

ಮನೆಗೆ ಬಂದ ಮೇಲೆ ಒಂದು ಸಂಜೆ ಅಪ್ಪ ಕೇಳಿದರು: ‘ಕೆಟ್ಟದ್ದು ಲಿವರು, ರಕ್ತ ಬಂದದ್ದು ಗಂಟಲಿಂದ. ಇದೆಂಥ ಲೆಕ್ಕ ಮಾರಾಯ?’ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದೆ. ಹೊಟ್ಟೆ, ಕರುಳು, ಗುಲ್ಮದ ರಕ್ತವೆಲ್ಲ ಯಕೃತ್ತಿನ ತೂಬಿನಲ್ಲಿ ಹಾಯಬೇಕು, ತೂಬು ಕಟ್ಟಿದೆ, ನೀರು ಹಿಂದಕ್ಕೆ ಒತ್ತಿ ಈ ಸಣ್ಣ ಕೂಡುಗಾಲುವೆಗೆ ನುಗ್ಗಿದೆ, ಈ ಒಂಟಿ ನಾಳದ ಕಡೆ ದಾರಿ ಹುಡುಕುತ್ತಿದೆ, ದಂಡೆ ತೆಳು, ಒಡೆಯಿತು ಎಂದೆ. ಅಡಿಕೆ ತೋಟಕ್ಕೆ ಐವತ್ತು ವರ್ಷ ನೀರು ತಿರುಗಿಸಿದವರು. ಚಿತ್ರವನ್ನು ಬಹಳ ಹೊತ್ತು ನೋಡಿದರು.

‘ಅಂದ್ರೆ ನೀವು ಒಡೆದ ಬಾಯಿಗೆ ಕೆಸರು ಮೆತ್ತಿದ್ದೀರಿ. ತೂಬು ಹಾಗೇ ಇದೆ.’

ಹೌದು ಎಂದೆ. ಒತ್ತಡ ಇಳಿಸಲು ಮಾತ್ರೆ ಇದೆ, ಮೂರು ನಾಲ್ಕು ವಾರಕ್ಕೊಮ್ಮೆ ಉಬ್ಬು ಮಾಯುವವರೆಗೆ ಉಂಗುರ ಹಾಕುತ್ತಾರೆ ಎಂದೂ ಸೇರಿಸಿದೆ. ‘ಅಷ್ಟು ಸಾಕು ಬಿಡು, ಈ ಸಲದ ಕೊಯ್ಲು ಮುಗೀಲಿ’ ಎಂದರು.

ಮೂರು ಕೊಯ್ಲು ನೋಡಿದರು. ಮತ್ತೆ ರಕ್ತ ವಾಂತಿ ಆಗಲಿಲ್ಲ. ಕೊನೆಗೆ ಸೋತದ್ದು ಯಕೃತ್ತೇ. 2020ರ ಡಿಸೆಂಬರ್. ಇಲ್ಲಿ ಕೋವಿಡ್ ನಿರ್ಬಂಧಗಳಿದ್ದವು, ಹೋಗಲಾಗಲಿಲ್ಲ. ಆಮೇಲಿನ ಮಳೆಗಾಲದಲ್ಲಿ ಅಮ್ಮ ಫೋನಿನಲ್ಲಿ ತೋಟದ ಕಾಲುವೆಯ ಬಗ್ಗೆ ಒಬ್ಬಳೇ ಮಾತಾಡುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.

ಕಳೆದ ಅಕ್ಟೋಬರಿನಲ್ಲಿ ಒಬ್ಬ ಹುಡುಗಿ ಅನ್ನನಾಳದ ಕೆಳತುದಿಯನ್ನು ಬಿಡಿಸುತ್ತಾ ಆ ಎಳೆಗಳನ್ನು ಹುಡುಕಿ ಹುಡುಕಿ ಬೇಸತ್ತು, ‘ಇಲ್ಲಿ ಏನೂ ಕಾಣ್ತಿಲ್ಲ’ ಎಂದಳು. ಆ ಮೇಜಿನ ಹಿರಿಯರಿಗೆ ಯಕೃತ್ತು ನಯವಾಗಿತ್ತು. ಕಾಣಬಾರದು, ಅದೇ ಸರಿ ಎಂದು ಹೇಳಿ, ಚಿಮಟ ತೆಗೆದುಕೊಂಡು ಅವು ಇರುವ ಜಾಗವನ್ನು ತೋರಿಸಿದೆ.